ಹೋದ ಕರೆಂಟು ವಾಪಸು ಬರಬೇಕಲ್ಲ

ಬ್ರೇಕ್ ತುಳಿದರೆ ಹಿಂದಿನ ಕೆಂಪು ದೀಪ ಉರಿಯಬೇಕು. ಅದು ಉರಿಯದೆ, ಆಫ್ ಆಗಿದ್ದ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಹೊತ್ತಿಕೊಂಡರೆ ಏನೆನ್ನುವುದು? ಎಡಕ್ಕೆ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಪಾರ್ಕಿಂಗ್ ದೀಪವೂ ಅದರ ತಾಳಕ್ಕೆ ಮಿಣುಕುತ್ತದೆ. ನಾಲ್ಕಾರು ಮಳೆಗಾಲ ಕಂಡ ಕಾರು, ಜೀಪು, ಗೂಡ್ಸ್ ಗಾಡಿಗಳಲ್ಲಿ ಇದು ಅಪರೂಪದ ಕಾಯಿಲೆಯೇನಲ್ಲ. ಅಪರೂಪವಾದದ್ದು ಅದಕ್ಕೆ ಸರಿಯಾದ ಮದ್ದು. ಮೊದಲು ಬಲ್ಬ್ ಬದಲಾಗುತ್ತದೆ, ಆಮೇಲೆ ಬ್ರೇಕ್ ಸ್ವಿಚ್ಚು, ಅದಾದ ಮೇಲೆ ಫ್ಲಾಶರ್. ಕೊನೆಗೆ ‘ಒಳಗೆಲ್ಲೋ ವಯರಿಂಗ್ ಹೋಗಿದೆ, ಪೂರ್ತಿ ಹೊಸದೇ ಹಾಕಿಬಿಡೋಣ’ ಎಂಬ ತೀರ್ಪು ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ತಪ್ಪಿತಸ್ಥ ಬಹಳ ಸಲ ಹಿಂದಿನ ದೀಪದ ಬಗಲಲ್ಲಿ ಬಾಡಿಗೆ ಬಿಗಿದಿರುವ, ತುಕ್ಕು ತಿಂದ ಒಂದೇ ಒಂದು ಸ್ಕ್ರೂ. ಅದರ ಬೆಲೆ ಎರಡು ರೂಪಾಯಿಯೂ ಆಗದು. ವಾಹನದ ವಯರಿಂಗ್ ತೊಂದರೆಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಬಿಡಿಭಾಗಗಳ ಒಳಗಲ್ಲ, ಅವುಗಳ ನಡುವಿನ ದಾರಿಯಲ್ಲಿ. ಆ ದಾರಿಯನ್ನು, ಅದರಲ್ಲಿ ಕರೆಂಟು ಹರಿಯುತ್ತಿರುವಾಗಲೇ, ಅಳೆದು ನೋಡದೆ ಭಾಗ ಬದಲಾಯಿಸುವುದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ, ಅದು ಜೂಜು.

ಆ ಹಿಂದಿನ ದೀಪವನ್ನೇ ಬಿಚ್ಚಿ ನೋಡೋಣ. ಹಳೆಯ ಮಾದರಿಯ ಬಲ್ಬಿನಲ್ಲಿ ಒಂದೇ ಗಾಜಿನೊಳಗೆ ಎರಡು ಫಿಲಮೆಂಟು: ಪಾರ್ಕಿಂಗಿಗೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎರಡಕ್ಕೂ ಕರೆಂಟು ತರುವ ವಯರುಗಳು ಬೇರೆ ಬೇರೆ. ವಾಪಸು ಹೋಗುವ ದಾರಿ ಮಾತ್ರ ಒಂದೇ, ಬಲ್ಬಿನ ಲೋಹದ ಬುಡ. ಬುಡದಿಂದ ಹೋಲ್ಡರಿಗೆ, ಹೋಲ್ಡರಿನಿಂದ ಒಂದು ತುಂಡು ವಯರಿನಲ್ಲಿ ಬಾಡಿಯ ತಗಡಿಗೆ, ತಗಡಿನಿಂದ ಬ್ಯಾಟರಿಯ ನೆಗೆಟಿವ್‌ಗೆ. ಆ ವಯರಿನ ಕಿವಿ ತಗಡಿಗೆ ಕೂರುವಲ್ಲಿ ತುಕ್ಕು ಬೆಳೆದು ದಾರಿ ಮುಚ್ಚಿತೆನ್ನಿ. ಬ್ರೇಕ್ ತುಳಿದಾಗ 21 ವ್ಯಾಟಿನ ಫಿಲಮೆಂಟನ್ನು ದಾಟಿ ಬಂದ ಕರೆಂಟಿಗೆ ಬುಡದಲ್ಲಿ ಬಾಗಿಲು ಹಾಕಿರುತ್ತದೆ. ಪಕ್ಕದಲ್ಲೇ 5 ವ್ಯಾಟಿನ ಫಿಲಮೆಂಟಿದೆ; ಅದರಲ್ಲಿ ಹಿಮ್ಮುಖವಾಗಿ ಹತ್ತಿ, ಪಾರ್ಕಿಂಗ್ ವಯರಿನಲ್ಲಿ ಹಿಂದಕ್ಕೆ ಹರಿದು, ಅದೇ ಸಾಲಿಗೆ ಸೇರಿದ ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡಿನ ದೀಪಗಳನ್ನು ಹಾದು ಅವುಗಳ ಅರ್ಥಿಗೆ ಇಳಿಯುತ್ತದೆ. ಬ್ರೇಕಿನ ಫಿಲಮೆಂಟು ಪೂರ್ತಿ ಹೊಳೆಯಲು ಸುಮಾರು 1.75 ಆಂಪಿಯರ್ ಬೇಕು. 5 ವ್ಯಾಟಿನ ಕಿಂಡಿಯಲ್ಲಿ ಅರ್ಧ ಆಂಪಿಯರೂ ನುಸುಳದು. ಹಾಗಾಗಿ ಬ್ರೇಕ್ ದೀಪ ಸತ್ತಂತೆ ಕಾಣುತ್ತದೆ, ಸಂಬಂಧವೇ ಇಲ್ಲದ ದೀಪಗಳು ಮಿಣಿಮಿಣಿ ಎನ್ನುತ್ತವೆ. ಬಲ್ಬು, ಸ್ವಿಚ್ಚು, ಡ್ಯಾಶ್‌ಬೋರ್ಡು ಮೂರೂ ನೆಟ್ಟಗಿವೆ. ಮೂರನ್ನೂ ಹೊಸದು ತಂದು ಹಾಕಿದರೂ ಆಟ ನಿಲ್ಲುವುದಿಲ್ಲ.

ವಾಪಸಾತಿಯ ದಾರಿಯನ್ನು ಮರೆಯುವುದಕ್ಕೆ ಕಾರಣವೂ ಇದೆ: ಅದು ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ಫೇಸ್ ಒಂದು ವಯರಾದರೆ ನ್ಯೂಟ್ರಲ್ ಇನ್ನೊಂದು ವಯರು, ಎರಡೂ ಕೈಗೆ ಸಿಗುತ್ತವೆ. ವಾಹನದಲ್ಲಿ ಆ ಎರಡನೆಯ ವಯರಿನ ಕೆಲಸವನ್ನು ಬಾಡಿಯ ಉಕ್ಕೇ ಮಾಡುತ್ತದೆ. ಇದರಿಂದ ಅರ್ಧದಷ್ಟು ತಾಮ್ರ ಉಳಿಯಿತು, ಸರಿ. ಆದರೆ ಪ್ರತಿಯೊಂದು ದೀಪ, ಹಾರ್ನು, ಮೋಟಾರಿಗೂ ತಗಡು, ಪೇಂಟು, ಸ್ಕ್ರೂ ಸೇರುವ ಒಂದು ಸಂದು ಹುಟ್ಟಿಕೊಂಡಿತು, ಆ ಸಂದು ನೀರಿಗೂ ಕೆಸರಿಗೂ ತೆರೆದೇ ಇರುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೂ ಕಲಬುರಗಿಯ ಒಣಹವೆಯ ಗಾಡಿಗೂ ಈ ವಿಷಯದಲ್ಲಿ ಆಯುಸ್ಸು ಒಂದೇ ಆಗಿರಲು ಸಾಧ್ಯವಿಲ್ಲ. ಎಂಜಿನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. ಅದು ಕೂತಿರುವುದು ರಬ್ಬರಿನ ಮೌಂಟುಗಳ ಮೇಲೆ, ಅಂದರೆ ಬಾಡಿಯಿಂದ ಕರೆಂಟಿನ ಮಟ್ಟಿಗೆ ಬೇರೆಯಾಗಿ. ಎರಡನ್ನೂ ಬೆಸೆಯುವುದು ಒಂದು ದಪ್ಪ ಅರ್ಥ್ ಪಟ್ಟಿ. ಅದು ಕಿತ್ತುಹೋದರೆ ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಕರೆಂಟು ಸಿಕ್ಕ ಲೋಹದಲ್ಲೆಲ್ಲ ದಾರಿ ಹುಡುಕುತ್ತದೆ; ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು ಬಿಸಿಯಾಗಿ ಹೊರಕವಚ ಕರಗುವುದು ಹೀಗೆ. ಮೂರು ಸಲ ಕೇಬಲ್ ಬದಲಾಯಿಸಿದರೂ ಮತ್ತೆ ಸುಟ್ಟಿತು ಎಂದರೆ ಕೇಬಲ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಈ ಹುಡುಕಾಟಕ್ಕೆ ಬೇಕಾದ ಶಾಸ್ತ್ರ ಹೊಸದಲ್ಲ. ಜರ್ಮನಿಯ ಗೇಯಾರ್ಗ್ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದು 1827ರಲ್ಲಿ. ಗುಸ್ತಾವ್ ಕಿರ್ಕಾಫ್ ಸರ್ಕೀಟಿನ ಲೆಕ್ಕ ಕೊಟ್ಟದ್ದು 1845ರಲ್ಲಿ. ಆಗಿನ್ನೂ ಮೋಟಾರು ಗಾಡಿಯೇ ಇರಲಿಲ್ಲ. ಕಿರ್ಕಾಫ್ ಹೇಳಿದ್ದನ್ನು ಶಾನುಭೋಗರ ಭಾಷೆಯಲ್ಲಿ ಹೇಳಬಹುದು: ಬ್ಯಾಟರಿಯಿಂದ ಜಮೆಯಾದ ವೋಲ್ಟೆಲ್ಲ ಒಂದು ಸುತ್ತು ಮುಗಿಯುವುದರೊಳಗೆ ಖರ್ಚಾಗಲೇಬೇಕು, ಉಳಿಕೆ ಸೊನ್ನೆ. 12.6 ವೋಲ್ಟ್ ಹೊರಟಿದ್ದರೆ ಅದರಲ್ಲಿ 12ಕ್ಕೂ ಹೆಚ್ಚು ದೀಪಕ್ಕೇ ಖರ್ಚಾಗಬೇಕು, ದಾರಿಖರ್ಚು ಅರ್ಧ ವೋಲ್ಟಿನ ಒಳಗಿರಬೇಕು. ದೀಪಕ್ಕೆ 9 ವೋಲ್ಟ್ ಮಾತ್ರ ಮುಟ್ಟಿದೆಯೆಂದರೆ ಉಳಿದ ಮೂರೂವರೆಯನ್ನು ದಾರಿಯಲ್ಲಿ ಯಾರೋ ತಿಂದಿದ್ದಾರೆ. ತಿಂದವನನ್ನು ಹಿಡಿಯುವುದೇ ಪತ್ತೆದಾರಿಕೆ.

ಇಲ್ಲಿ ಮಲ್ಟಿಮೀಟರಿನ ಮೇಲೆ ಒಂದು ದೂರು ಇದೆ, ಅದು ಅನ್ಯಾಯದ ದೂರಲ್ಲ. ‘ಮೀಟರ್ ಇಟ್ಟು ನೋಡಿದೆ, 12 ವೋಲ್ಟ್ ಸರಿಯಾಗಿ ಬರುತ್ತಿದೆ, ಆದರೂ ದೀಪ ಉರಿಯುತ್ತಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯ ಡಿಜಿಟಲ್ ಮೀಟರಿನ ಒಳ ರೋಧ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಅದು ತನ್ನ ಅಳತೆಗೆ ಎಳೆದುಕೊಳ್ಳುವ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕಪ್ಲರಿನೊಳಗೆ ಹಸಿರು ಕಿಲುಬು ಹಿಡಿದು 10,000 ಓಮ್ ರೋಧ ಬಂದು ಕೂತಿದ್ದರೂ ಇಷ್ಟು ಸಣ್ಣ ಕರೆಂಟಿಗೆ ಅದೊಂದು ಅಡ್ಡಿಯೇ ಅಲ್ಲ, ಮೀಟರು 12.59 ಎಂದು ತೋರಿಸಿ ಸುಮ್ಮನಾಗುತ್ತದೆ. ಅದೇ ದಾರಿಯಲ್ಲಿ 5 ಆಂಪಿಯರ್ ಬೇಡುವ ಹೆಡ್‌ಲೈಟನ್ನು ಹಚ್ಚಿ, ಒಂದು ಮಿಣುಕೂ ಬಾರದು. ಪೀಂ ಎನ್ನುವ ಕಂಟಿನ್ಯುಟಿಯನ್ನಂತೂ ನಂಬುವ ಹಾಗೇ ಇಲ್ಲ. ಇಪ್ಪತ್ತು ಎಳೆಯ ತಾಮ್ರದಲ್ಲಿ ಹತ್ತೊಂಬತ್ತು ತುಂಡಾಗಿ ಒಂದು ಉಳಿದಿದ್ದರೂ ಅದು ಸಂತೋಷವಾಗಿ ಕೂಗುತ್ತದೆ. ಖಾಲಿ ಸೇತುವೆಯ ಮೇಲೆ ಒಬ್ಬ ಮನುಷ್ಯ ನಡೆದು ದಾಟಿದ್ದನ್ನು ಕಂಡು ಲಾರಿ ಬಿಡಬಹುದೆಂದು ಬರೆದುಕೊಟ್ಟ ಹಾಗೆ. ಆದ್ದರಿಂದ ಅಳತೆ ಆಗಬೇಕಾದದ್ದು ದೀಪ ಉರಿಯುವಾಗ ಅಥವಾ ಉರಿಯಲು ಒದ್ದಾಡುವಾಗ, ಹಾರ್ನ್ ಒತ್ತಿದಾಗ, ಸೆಲ್ಫ್ ಹೊಡೆಯುತ್ತಿರುವಾಗ. ಬಲ್ಬ್ ಬಿಚ್ಚಿ ಹೋಲ್ಡರಿಗೆ ಮೀಟರ್ ಇಡುವ ಅಭ್ಯಾಸ ಎಷ್ಟು ವ್ಯಾಪಕವಾಗಿದೆಯೋ ಅಷ್ಟೇ ನಿರರ್ಥಕ.

ವಿಧಾನ ಸರಳ. ಹೆಡ್‌ಲೈಟ್ ಹಚ್ಚಿ, ಕಪ್ಲರನ್ನು ಕೀಳದೆ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಕೆಂಪು ಕಡ್ಡಿಯನ್ನು ಬಲ್ಬಿನ ಅರ್ಥ್ ಪಿನ್ನಿನ ಮೇಲೂ ಇಡಬೇಕು. ಎರಡೂ ‘ನೆಗೆಟಿವ್’ ಎಂದೇ ನಾವು ಅಂದುಕೊಂಡ ಜಾಗ, ಹಾಗಾಗಿ ಸೊನ್ನೆಯ ಹತ್ತಿರ ಬರಬೇಕು, 0.1, ಹೆಚ್ಚೆಂದರೆ 0.2 ವೋಲ್ಟ್. ಅಲ್ಲಿ 1 ವೋಲ್ಟ್ ಕಂಡರೆ ವಾಪಸಾತಿಯ ದಾರಿಯಲ್ಲೇ ಕಳ್ಳನಿದ್ದಾನೆ. ಕೆಂಪು ಕಡ್ಡಿಯನ್ನು ಹಾಗೇ ಬ್ಯಾಟರಿಯ ಕಡೆಗೆ ಸರಿಸುತ್ತ ಬನ್ನಿ: ವಯರಿನ ಕಿವಿ, ಸ್ಕ್ರೂ, ತಗಡು. ಎಲ್ಲಿ 1 ಇದ್ದದ್ದು ಥಟ್ಟನೆ 0.1ಕ್ಕೆ ಇಳಿಯಿತೋ ಆ ಎರಡು ಜಾಗಗಳ ನಡುವೆ ದೋಷ. ಪಾಸಿಟಿವ್ ಬದಿಯಲ್ಲೂ ಬ್ಯಾಟರಿ, ಫ್ಯೂಸು, ಸ್ವಿಚ್ಚು, ರಿಲೇ ಎಂದು ಇದೇ ನಡಿಗೆ. ಒಂದು ವೋಲ್ಟ್ ಎಂದರೆ ಚಿಲ್ಲರೆ ಎನಿಸಬಹುದು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 12ರಲ್ಲಿ ಒಂದು ವೋಲ್ಟ್ ಕಳೆದರೆ ಬೆಳಕಿನಲ್ಲಿ ಕಾಲುಭಾಗ ಹೋಯಿತು. ಸೆಲ್ಫ್ ಮೋಟಾರಿನಲ್ಲಂತೂ ಲೆಕ್ಕ ಇನ್ನೂ ಕ್ರೂರ. 150 ಆಂಪಿಯರ್ ಎಳೆಯುವ ಮೋಟಾರಿನ ದಾರಿಯಲ್ಲಿ 0.01 ಓಮ್ ರೋಧ ಸಾಕು, 1.5 ವೋಲ್ಟ್ ಮಾಯ; ಆ ಸಂದಿನಲ್ಲಿ 225 ವ್ಯಾಟ್ ಶಾಖ ಹುಟ್ಟಿ ಬ್ಯಾಟರಿಯ ಕ್ಲ್ಯಾಂಪು ಕೈಗೆ ಸುಡುತ್ತದೆ. ಈ 0.01 ಓಮನ್ನು ಮೀಟರಿನ ಓಮ್ ಮಾಪನದಲ್ಲಿ ಹಿಡಿಯಲಾಗದು, ಕಡ್ಡಿಗಳ ವಯರಿನ ರೋಧವೇ ಅದಕ್ಕಿಂತ ಹಲವು ಪಟ್ಟು. ಕರೆಂಟು ಹರಿಯುವಾಗ ವೋಲ್ಟ್ ಅಳೆದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. ‘ಬ್ಯಾಟರಿ ಹೋಗಿದೆ’ ಎಂದು ಎಕ್ಸ್‌ಚೇಂಜಿಗೆ ಕೊಡುವ ಮುನ್ನ ಕ್ಲ್ಯಾಂಪಿನ ಕೆಳಗಿನ ಬಿಳಿಪುಡಿಯನ್ನು ಬಿಸಿನೀರಿನಲ್ಲಿ ತೊಳೆದು ನೋಡಿದವರೆಷ್ಟು?

ಫ್ಯೂಸಿನ ಬಗ್ಗೆ ಇರುವ ತಪ್ಪು ಕಲ್ಪನೆ ಬೇರೆ ಜಾತಿಯದು. ಫ್ಯೂಸು ಕಾಯುವುದು ವಯರನ್ನು. ಆಚೆ ತುದಿಯ ಉಪಕರಣ ಉಳಿದರೆ ಅದು ಲಾಭ, ಅಷ್ಟೆ. 10 ಆಂಪಿಯರಿನ ಕೆಂಪು ಫ್ಯೂಸು ಹಾರಿತೆಂದು 20ರ ಹಳದಿ, ಅದೂ ಹಾರಿದರೆ 30ರ ಹಸಿರು ಹಾಕುವವರಿದ್ದಾರೆ. ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತುವವರೂ ಇದ್ದಾರೆ. ಆಗ ಹಾರಬೇಕಾದ ಫ್ಯೂಸಿನ ಜಾಗದಲ್ಲಿ ಸೀಟಿನಡಿಯ ಯಾವುದೋ ವಯರು ಸುಡುತ್ತದೆ. 60 ವ್ಯಾಟಿನ ಬಲ್ಬಿನ ಜಾಗಕ್ಕೆ 100 ವ್ಯಾಟಿನದನ್ನು ಹಾಕುವುದೂ ಇದರ ದಾಯಾದಿಯೇ: ಕರೆಂಟು 5ರಿಂದ 8.3 ಆಂಪಿಯರಿಗೆ ಏರಿದರೆ ವಯರಿನಲ್ಲಿ ಹುಟ್ಟುವ ಶಾಖ ಅದರ ವರ್ಗದ ಲೆಕ್ಕದಲ್ಲಿ ಏರಿ ಹತ್ತಿರ ಹತ್ತಿರ 2.8 ಪಟ್ಟಾಗುತ್ತದೆ. ಶಾರ್ಟ್ ಎಲ್ಲಿದೆಯೆಂದು ಹುಡುಕುವುದಕ್ಕೂ ಹತ್ತು ಫ್ಯೂಸು ಬಲಿಕೊಡಬೇಕಿಲ್ಲ. ಹಾರಿದ ಫ್ಯೂಸನ್ನು ತೆಗೆದು ಆ ಎರಡು ಕಿಂಡಿಗಳ ನಡುವೆ 21 ವ್ಯಾಟಿನ ಒಂದು ಬಲ್ಬನ್ನು ಜೋಡಿಸಿದರಾಯಿತು. ಶಾರ್ಟ್ ಇರುವಷ್ಟು ಹೊತ್ತು ಬಲ್ಬ್ ಪೂರ್ತಿ ಉರಿಯುತ್ತದೆ, ತಾನೇ ಕರೆಂಟಿಗೆ ಮಿತಿ ಹಾಕಿ ವಯರನ್ನು ಕಾಯುತ್ತದೆ. ಈಗ ಆ ಸಾಲಿನ ಕಪ್ಲರುಗಳನ್ನು ಒಂದೊಂದಾಗಿ ಬಿಡಿಸುತ್ತ, ವಯರಿನ ಕಟ್ಟನ್ನು ಅಲ್ಲಲ್ಲಿ ಅಲುಗಿಸುತ್ತ ಹೋದರೆ ಯಾವುದೋ ಒಂದು ಕ್ಷಣದಲ್ಲಿ ಬಲ್ಬ್ ಆರುತ್ತದೆ ಅಥವಾ ಮಂಕಾಗುತ್ತದೆ. ಕೈ ಆಗ ಎಲ್ಲಿತ್ತೋ ಅಲ್ಲೇ ದೋಷ. ನಿಂತ ಗಾಡಿಯ ಬ್ಯಾಟರಿ ಇಳಿಯುವ ತೊಂದರೆಗೂ ಅಳತೆಯೇ ಮದ್ದು: ಎಲ್ಲ ಬಾಗಿಲು ಹಾಕಿ, ಒಳಗಿನ ಕಂಪ್ಯೂಟರುಗಳು ನಿದ್ದೆಹೋಗಲು ಅರ್ಧ ಗಂಟೆ ಬಿಟ್ಟು ನೋಡಿದರೆ ಸೋರಿಕೆ 50 ಮಿಲಿಆಂಪಿಯರಿನೊಳಗೆ ಇರಬೇಕು. ಡಿಕ್ಕಿಯೊಳಗೆ ಆರದೆ ಉಳಿದ 5 ವ್ಯಾಟಿನ ಪುಟ್ಟ ದೀಪವೊಂದು 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ನಾಲ್ಕು ದಿನದೊಳಗೆ ಬರಿದುಮಾಡುತ್ತದೆ.

‘ಇದೆಲ್ಲ ಹಳೇ ಗಾಡಿಗಳ ಮಾತು, ಈಗ ಸ್ಕ್ಯಾನರ್ ಹಾಕಿದರೆ ಅದೇ ಹೇಳುತ್ತದಲ್ಲ’ ಎಂಬುದು ಮೊದಲ ಆಕ್ಷೇಪ. 2020ರ ಏಪ್ರಿಲಿನಿಂದ ಬಿಎಸ್-6 ಬಂದ ಮೇಲೆ ಬೈಕುಗಳಿಗೂ ಸ್ವಯಂತಪಾಸಣೆಯ ಕಂಪ್ಯೂಟರ್ ಬಂದಿರುವುದು ನಿಜ. ಆದರೆ ಸ್ಕ್ಯಾನರಿನ ಕೋಡು ಹೇಳುವುದು ದೂರನ್ನು, ತೀರ್ಪನ್ನಲ್ಲ. ಪಿ0118 ಎಂಬ ಕೋಡನ್ನೇ ತೆಗೆದುಕೊಳ್ಳಿ: ಎಂಜಿನ್ ಕೂಲೆಂಟಿನ ತಾಪಮಾನ ಅಳೆಯುವ ಸೆನ್ಸರಿನ ಸರ್ಕೀಟಿನಲ್ಲಿ ವೋಲ್ಟೇಜು ಮಿತಿಮೀರಿದೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಸತ್ತರೂ ಇದೇ ಕೋಡು, ವಯರ್ ತುಂಡಾದರೂ ಇದೇ, ಕಪ್ಲರಿನ ಪಿನ್ನು ಹಿಂದಕ್ಕೆ ಜರುಗಿದ್ದರೂ ಇದೇ. ಸ್ಕ್ಯಾನರಿನ ಪರದೆಯಲ್ಲಿ ಆಗ ಎಂಜಿನ್ನಿನ ಶಾಖ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಕಾಣುತ್ತದೆ. ರಾಯಚೂರಿನ ಬಿಸಿಲಲ್ಲಿ ನಿಂತ ಗಾಡಿಯ ಎಂಜಿನ್ ಸೈಬೀರಿಯಾದಲ್ಲಿದೆಯೆಂದು ಕಂಪ್ಯೂಟರ್ ನಂಬಿದೆ, ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಸುರಿಯಲು ಹೊರಟಿರುತ್ತದೆ. ಇಲ್ಲಿ ಸೆನ್ಸರ್ ಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆ ಅರ್ಧ ನಿಮಿಷದ್ದು. ಎರಡು ಪಿನ್ನಿನ ಆ ಕಪ್ಲರನ್ನು ಕಿತ್ತು, ವಯರಿನ ಬದಿಯ ಎರಡು ಪಿನ್ನುಗಳನ್ನು ಸಣ್ಣ ತಂತಿಯಿಂದ ಸೇರಿಸಿದರೆ ಪರದೆಯ ಅಂಕಿ ಮೈನಸ್ ಬಿಟ್ಟು ನೂರು ಡಿಗ್ರಿ ದಾಟಿ ಎಲ್ಲೋ ಮೇಲಕ್ಕೆ ಹಾರಬೇಕು. ಹಾರಿದರೆ ದಾರಿ ಸರಿಯಿದೆ, ಸೆನ್ಸರನ್ನು ಅನುಮಾನಿಸಬಹುದು. ಹಾರದಿದ್ದರೆ ಹೊಸ ಸೆನ್ಸರ್ ತಂದರೂ ಮೈನಸ್ 40 ಹೋಗದು. ಹೊಸ ಗಾಡಿಗಳ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡುವ ಕ್ಯಾನ್ ಎಂಬ ವ್ಯವಸ್ಥೆಯೂ, 1986ರಲ್ಲಿ ಬಾಷ್ ಕಂಪನಿ ಅದನ್ನು ಹೊರತಂದಾಗಿನಿಂದ, ನಿಂತಿರುವುದು ಹೆಣೆದ ಎರಡು ವಯರುಗಳ ಮೇಲೆಯೇ. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೋಧಕ. ಬ್ಯಾಟರಿ ಬಿಡಿಸಿ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ. ಐದಾರು ಕಂಪ್ಯೂಟರುಗಳು ಒಟ್ಟಿಗೆ ‘ಸತ್ತಿವೆ’ ಎಂದು ಸ್ಕ್ಯಾನರ್ ಗೋಳಾಡಿದಾಗ ಈ ಒಂದು ಅಳತೆ ದೊಡ್ಡ ದುಡ್ಡು ಉಳಿಸುತ್ತದೆ. ಹಳೆಯ ಟೆಸ್ಟ್ ಲ್ಯಾಂಪನ್ನು ಮಾತ್ರ ಇಂಥ ವಯರುಗಳ ಹತ್ತಿರ ತರಬಾರದು, ಅದು ಎಳೆಯುವ ಕರೆಂಟಿಗೆ ಕಂಪ್ಯೂಟರಿನ ಒಳಗೆ ಏನಾದರೂ ಸುಡಬಹುದು. ಏರ್‌ಬ್ಯಾಗಿನ ಹಳದಿ ಕಪ್ಲರು, ಎಲೆಕ್ಟ್ರಿಕ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲ್ಲು ಇವು ತರಬೇತಿ ಇಲ್ಲದವರು ಮುಟ್ಟುವಂಥವಲ್ಲ.

ಎರಡನೆಯ ಆಕ್ಷೇಪ ಅನುಭವಸ್ಥರದು, ಇದಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಪಳಗಿದ ಎಲೆಕ್ಟ್ರಿಷಿಯನ್ ಮೀಟರ್ ಮುಟ್ಟದೆಯೇ ನೇರ ಡಿಕ್ಕಿಯ ಬಾಗಿಲಿನ ಹಿಂಜಿನ ಬಳಿಯ ರಬ್ಬರ್ ಕೊಳವೆಯನ್ನು ಸರಿಸಿ ತುಂಡಾದ ವಯರನ್ನು ಎತ್ತಿ ತೋರಿಸಿಬಿಡುತ್ತಾನೆ. ಅದು ಪವಾಡವಲ್ಲ. ವಯರು ಪದೇಪದೇ ಬಾಗುವ, ಉಜ್ಜುವ, ನೆನೆಯುವ ಜಾಗಗಳು ಪ್ರತಿ ಗಾಡಿಯಲ್ಲೂ ಬೆರಳೆಣಿಕೆಯಷ್ಟು. ಅವನಿಗೆ ಅವು ಕಂಠಪಾಠ. ಬೈಕಿನಲ್ಲಿ ಅಂಥ ಜಾಗ ಹ್ಯಾಂಡಲ್ಲಿನ ಕುತ್ತಿಗೆ. ಪ್ರತಿ ತಿರುವಿನಲ್ಲೂ ಅಲ್ಲಿನ ವಯರ್ ಕಟ್ಟು ಮಡಚಿ ಬಿಚ್ಚುತ್ತದೆ. ಹೊರಗಿನ ಪ್ಲಾಸ್ಟಿಕ್ ಏನೂ ಆಗದಂತೆ ಕಾಣುವಾಗಲೇ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಮಾತ್ರ ಎಂಜಿನ್ ಆಫ್ ಆಗುವ ಬೈಕಿನ ಗುಟ್ಟು ಇಷ್ಟೇ. ಆ ಜಾಗದಲ್ಲಿ ವಯರನ್ನು ಬೆರಳುಗಳ ನಡುವೆ ಹಿಡಿದು ಬಗ್ಗಿಸಿದರೆ ಕಡಿದಲ್ಲಿ ಅದು ತಾಮ್ರದ ಬಿಗುವು ಕಳೆದುಕೊಂಡು ದಾರದಂತೆ ಜೋಲುತ್ತದೆ. ಇಂಥ ಕೈಜ್ಞಾನವನ್ನು ಯಾವ ಮೀಟರೂ ಕೊಡದು. ಆದರೆ ಅನುಭವ ಮೊದಲು ಎಲ್ಲಿ ನೋಡಬೇಕೆಂದು ಹೇಳುತ್ತದೆಯೇ ಹೊರತು ನೋಡಿದ್ದು ಸಾಕೇ ಎಂದು ಹೇಳುವುದಿಲ್ಲ. ನೂರು ಗಾಡಿಗಳಲ್ಲಿ ಕುತ್ತಿಗೆಯಲ್ಲೇ ಕಡಿದದ್ದು ನೂರಾ ಒಂದನೆಯದರಲ್ಲಿ ಇಗ್ನಿಷನ್ ಸ್ವಿಚ್ಚಿನ ಬುಡದಲ್ಲಿ ಕಡಿದಿರಬಹುದು. ಇಲಿಗಳಿಗಂತೂ ಯಾರ ಅನುಭವದ ಮುಲಾಜೂ ಇಲ್ಲ. ಬೆಚ್ಚಗಿನ ಎಂಜಿನ್ ಸಿಕ್ಕಿದರೆ ತಮಗೆ ತೋಚಿದಲ್ಲಿ ಕಡಿಯುತ್ತವೆ. ಗುಡ್ಡ ಅಗೆದು ಇಲಿ ಹಿಡಿದರೆಂದು ನಗುವ ನಾಡಿನಲ್ಲಿ, ಇದೊಂದು ಕಸುಬಿನಲ್ಲಿ ಹಾಗೆ ಇಲಿ ಹಿಡಿದವರೇ ಗೆದ್ದವರು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು, ದುಡ್ಡಿನ ಮಾತು. ಎರಡು ಗಂಟೆ ಹುಡುಕಿ ಒಂದು ಸ್ಕ್ರೂ ಉಜ್ಜಿ ಬಿಗಿದರೆ ಗಿರಾಕಿ ಕೊಡುವುದೆಷ್ಟು? ‘ಸ್ಕ್ರೂ ಬಿಗಿದದ್ದಕ್ಕೆ ಐನೂರೇ?’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಅದೇ ಎರಡು ಸಾವಿರದ ಹೊಸ ಭಾಗದ ಡಬ್ಬಿ ತೋರಿಸಿದರೆ ತುಟಿಪಿಟಿಕ್ಕೆನ್ನದೆ ಕೊಡುತ್ತಾನೆ, ಡಬ್ಬಿಯಲ್ಲಿ ಅಂಗಡಿಗೂ ನಾಲ್ಕು ಕಾಸು ಉಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆ ಕೈಗೆಟಕುವಷ್ಟು ಹತ್ತಿರದಲ್ಲಿರುವಾಗ ಹುಡುಕುವುದಕ್ಕಿಂತ ಬದಲಾಯಿಸುವುದೇ ಜಾಣತನ ಎಂದು ಗ್ಯಾರೇಜಿನವರು ಲೆಕ್ಕ ಹಾಕಿದರೆ ಅವರನ್ನು ಕಳ್ಳರೆನ್ನಲಾಗದು. ನಾವು ಕೂಲಿ ಕೊಡುತ್ತಿರುವುದೇ ವಸ್ತುವಿಗೆ, ಪತ್ತೆಗಲ್ಲ. ಆದರೂ ಈ ಲೆಕ್ಕ ಎರಡನೆಯ ಭೇಟಿಯಲ್ಲಿ ಮುರಿದುಬೀಳುತ್ತದೆ. ಹೊಸ ಡೈನಮೊ ಹಾಕಿ ಹದಿನೈದು ದಿನಕ್ಕೆ ಬ್ಯಾಟರಿ ಮತ್ತೆ ಡೌನ್ ಆಗಿ ಗಾಡಿ ವಾಪಸು ಬಂದರೆ, ಆ ಸಲದ ಕೂಲಿಯನ್ನು ಯಾರೂ ಕೊಡುವುದಿಲ್ಲ, ಬಿಚ್ಚಿದ ಭಾಗವನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಮತ್ತೆ ಹುಡುಕಾಟ ಬಿಟ್ಟಿಯಾಗಿಯೇ ನಡೆಯಬೇಕು. ಎಂಜಿನ್ ಓಡುತ್ತಿರುವಾಗ ಡೈನಮೊದ ಔಟ್‌ಪುಟ್ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ವರೆಗೆ ಒಂದು ಅಳತೆ, ಡೈನಮೊದ ಮೈಯಿಂದ ನೆಗೆಟಿವ್‌ವರೆಗೆ ಇನ್ನೊಂದು ಅಳತೆ, ಎರಡಕ್ಕೂ ಸೇರಿ ಐದು ನಿಮಿಷ ಸಾಕು. ಡೈನಮೊದಲ್ಲಿ 14.2 ಇದ್ದು ಬ್ಯಾಟರಿಗೆ 13 ಮಾತ್ರ ಮುಟ್ಟುತ್ತಿದ್ದರೆ ಡೈನಮೊ ನಿರಪರಾಧಿ. ‘ಚೆಕಿಂಗ್ ಚಾರ್ಜ್’ ಎಂದು ಬಿಲ್ಲಿನಲ್ಲಿ ಬೇರೆ ಸಾಲು ಬರೆಯುವ ಧೈರ್ಯ ಗ್ಯಾರೇಜಿಗೂ, ಅದನ್ನು ಕೊಡುವ ಮನಸ್ಸು ಗಿರಾಕಿಗೂ ಬಂದ ಕಡೆ ಈ ಐದು ನಿಮಿಷ ತಾನಾಗಿ ಸಿಗುತ್ತದೆ.

ದೋಷ ಸಿಕ್ಕಿದ ಮೇಲಿನ ಕೆಲಸದಲ್ಲೂ ಅವಸರ ಕಾಣುತ್ತದೆ. ಎರಡು ತುದಿಗಳನ್ನು ಹಲ್ಲಿನಿಂದ ಸುಲಿದು, ತಿರುಚಿ, ಕಪ್ಪು ಟೇಪು ಸುತ್ತಿದರೆ ಗಾಡಿ ಓಡುತ್ತದೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಮೂರನೆಯ ಮಳೆಗೆ ಅದೇ ಸಂದಿನಲ್ಲಿ ಹಸಿರು ಕಿಲುಬು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ (ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರದಿರಲಿ ಎಂದು), ಕಿಲುಬು ಹಿಡಿದ ತಾಮ್ರವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅದೇ ದಪ್ಪದ ವಯರನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿರುವ ಶ್ರಿಂಕ್ ಕೊಳವೆ ಏರಿಸಿ ಬಿಸಿ ಕೊಡಬೇಕು. ಅರ್ಥಿನ ಜಾಗದಲ್ಲಿ ಪೇಂಟು ಕೆರೆದು ತಗಡಿನ ಬಿಳುಪು ತೋರಿದ ಮೇಲೆ ಕಿವಿಯನ್ನು ಬಿಗಿದು, ಮೇಲೆ ತೆಳ್ಳಗೆ ಗ್ರೀಸು ಸವರಬೇಕು; ಗ್ರೀಸು ಬಿಗಿದ ನಂತರ, ಮೊದಲಲ್ಲ. ಆಮೇಲೆ ದೀಪ ಹಚ್ಚಿ, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಕೆಂಪು ಕಡ್ಡಿ ಬಲ್ಬಿನ ಬುಡದ ಮೇಲೆ ಇಟ್ಟು ಮತ್ತೊಮ್ಮೆ ನೋಡಬೇಕು. ಬೆಳಿಗ್ಗೆ 1.4 ತೋರಿಸಿದ್ದ ಮೀಟರು ಈಗ 0.05 ತೋರಿಸಿದರೆ ಗಾಡಿಯನ್ನು ಹೊರಗೆ ಬಿಡಬಹುದು.